ಎರಡು ಸಲ ಬರುತ್ತಿದ್ದ ಸಾಹೇಬರು

ಕಳೆದ ಸೋಮವಾರ ಬೆಳಿಗ್ಗೆ ಮುಲುಂಡಿನಲ್ಲಿ ಸ್ಲೋ ಲೋಕಲ್ ಹತ್ತಿ, ಜನರ ನಡುವಿನಿಂದ ಹೇಗೋ ಒಂದು ಕೈ ಬಿಡಿಸಿಕೊಂಡು ಫೋನ್ ನೋಡಿದರೆ, ನಮ್ಮ ಕನ್ನಡ ಶಾಲೆಗಳ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಸಾಹೇಬರು ತೀರಿಕೊಂಡ ಸುದ್ದಿ ಬಂದಿತ್ತು. ಅದರ ಕೆಳಗೆ ಮುಗಿದ ಕೈಗಳ ಚಿತ್ರ. ನಾಹೂರು ದಾಟುವಾಗ ಹತ್ತು ಜೋಡಿ ಇದ್ದದ್ದು ಕಾಂಜೂರ್‌ಮಾರ್ಗ ಬರುವ ಹೊತ್ತಿಗೆ ನಲವತ್ತಾಗಿತ್ತು. ನಡುನಡುವೆ "ದೇವರಂಥ ಮನುಷ್ಯ", "ಅವರ ಮಾರ್ಗದರ್ಶನ ಮರೆಯಲಾರೆವು". ಅಯ್ಯೋ ದೇವರೇ! ಈ ನಲವತ್ತು ಮಂದಿಯಲ್ಲಿ ಅರ್ಧ ಜನ, ಅವರು ಬರುತ್ತಾರೆಂದರೆ ಬಿ.ಪಿ. ಮಾತ್ರೆ ನುಂಗುತ್ತಿದ್ದವರು. ಇನ್ನರ್ಧ ಜನ ರಜೆ ಹಾಕುತ್ತಿದ್ದವರು.

ನಾನು ಮಾತ್ರ ಕೈ ಮುಗಿಯಲಿಲ್ಲ. ಆ ಮನುಷ್ಯನಿಗೆ ನೌಕರಿಯುದ್ದಕ್ಕೂ ಬೇಕಿದ್ದದ್ದು ಒಂದೇ: ತನ್ನ ಮೇಲ್ವಿಚಾರಣೆ ಹೇಗಿದೆಯೆಂದು ಯಾರಾದರೂ ಒಬ್ಬರು ನಿಜ ಹೇಳಬೇಕು. ಅಷ್ಟು ಶಿಕ್ಷಕರಲ್ಲಿ ಅವರು ಅದನ್ನು ಬಾಯಿಬಿಟ್ಟು ಕೇಳಿದ್ದು ನನ್ನೊಬ್ಬಳನ್ನೇ. ನಾನು ಏನು ಕೊಟ್ಟೆ ಎನ್ನುವುದನ್ನು ಹೇಳದೆ ಕೈ ಮುಗಿದರೆ ಅದು ಕಳ್ಳ ನಮಸ್ಕಾರ.

ನಮ್ಮ ಶಾಲೆ ವಿಕ್ರೋಳಿ ಸ್ಟೇಷನ್ನಿನಿಂದ ಹತ್ತು ನಿಮಿಷದ ದಾರಿ. ಒಂದೇ ಕಟ್ಟಡದಲ್ಲಿ ಮರಾಠಿ, ಹಿಂದಿ, ಉರ್ದು ಶಾಲೆಗಳು ತುಂಬಿಕೊಂಡು, ಮಿಕ್ಕ ಮೂರನೇ ಮಹಡಿಯ ಮೂಲೆ ಕನ್ನಡಕ್ಕೆ. ಮಕ್ಕಳೆಲ್ಲ ಕಲಬುರ್ಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಕನ್ನಡದಲ್ಲಿ ಓದುತ್ತಾರೆ, ಹಿಂದಿಯಲ್ಲಿ ಜಗಳವಾಡುತ್ತಾರೆ, ಮರಾಠಿಯಲ್ಲಿ ವಡಾಪಾವ್ ಕೇಳುತ್ತಾರೆ. ನಾನು ನಾಲ್ಕನೇ ತರಗತಿಯ ಟೀಚರ್. ಈ ಭಾಗದ ಕನ್ನಡ ಶಾಲೆಗಳನ್ನೆಲ್ಲ ತನಿಖೆ ಮಾಡುವ ಮೇಲ್ವಿಚಾರಕರೇ ನಾನು ಹೇಳುತ್ತಿರುವ ಸಾಹೇಬರು.

ಅವರು ಹೊಸದಾಗಿ ಬಂದ ದಿನ ನಾನು ಭಾಗಾಕಾರ ಹೇಳಿಕೊಡುತ್ತಿದ್ದೆ. ಬಾಗಿಲಲ್ಲಿ ಒಬ್ಬ ಸಣಕಲು ಮನುಷ್ಯ ನಿಂತಿದ್ದ. ಚೌಕಳಿ ಅಂಗಿ, ಹೆಗಲಿಗೆ ದಪ್ಪ ಬಟ್ಟೆಯ ಚೀಲ, ಕಾಲಲ್ಲಿ ಚಪ್ಪಲಿ. ಒಳಗೆ ಬಂದವನೇ ತಲೆಯೆತ್ತಿ ಸೀಲಿಂಗ್ ನೋಡಿದ. ನಮ್ಮ ಫ್ಯಾನ್ ಕೆಟ್ಟು ಒಂದು ತಿಂಗಳಾಗಿತ್ತು, ನಾನು ಮೂರು ಅರ್ಜಿ ಕೊಟ್ಟಿದ್ದೆ. "ಬಂದ್ರಾ ಅಂತೂ! ಪಾಠ ಮುಗೀಲಿ, ಆಮೇಲೆ ಬಿಚ್ಚಿ. ಅಲ್ಲಿವರೆಗೆ ಹಿಂದೆ ಕೂತ್ಕೊಳ್ಳಿ" ಎಂದು ಬೋರ್ಡಿನತ್ತ ತಿರುಗಿದೆ. ಆತ ಸುಮ್ಮನೆ ಹೋಗಿ ಕೊನೆಯ ಬೆಂಚಿನಲ್ಲಿ, ಚೀಲವನ್ನು ಹಸುಗೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಕೂತ. ಇಪ್ಪತ್ತು ನಿಮಿಷ ನಾನು ಆ ಕಡೆ ನೋಡಲೇ ಇಲ್ಲ. ಗಂಟೆ ಹೊಡೆದ ಮೇಲೆ ನಮ್ಮ ಹೆಡ್ ಟೀಚರ್ ಓಡೋಡಿ ಬಂದು, ಹಲ್ಲು ಕಿರಿದು, "ಸರ್, ಚಾ ತಣಿತದೆ" ಎಂದಾಗ ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಸಾಹೇಬರು ಮಕ್ಕಳ ನಾಲ್ಕು ನೋಟ್‌ಬುಕ್ ನೋಡಿ, "ಚಲೋ ಐತಿ ಅಕ್ಕೋರ" ಎಂದು ಹೊರಟುಹೋದರು. ಧಾರವಾಡದ ಕಡೆಯವರು, ಹೆಣ್ಣು ಶಿಕ್ಷಕರಿಗೆಲ್ಲ ಅವರು ಅಕ್ಕೋರು ಎನ್ನುವವರು. ಗಂಡಾಂತರ ಕಳೆಯಿತು ಎಂದು ನಾನು ನೀರು ಕುಡಿದೆ.

ಎಲ್ಲಿ ಕಳೆಯಿತು! ನಾಲ್ಕೂವರೆಗೆ, ಮಕ್ಕಳು ಚೀಲ ಕಟ್ಟುವ ಹೊತ್ತಿಗೆ, ಮತ್ತೆ ಬಾಗಿಲಲ್ಲಿ ಅದೇ ಚೌಕಳಿ ಅಂಗಿ. ಬೇರೆ ಮೂರು ಶಾಲೆ ಸುತ್ತಿ, ಎರಡು ರಿಕ್ಷಾ ಒಂದು ಬಸ್ಸು ಹತ್ತಿ ಇಳಿದು, ಮತ್ತೆ ನನ್ನ ತರಗತಿಗೇ ಬಂದಿದ್ದರು. ಬೆಳಿಗ್ಗೆ ನೋಡಿದ ಅವೇ ನಾಲ್ಕು ನೋಟ್‌ಬುಕ್ ಕೇಳಿದರು. ಈ ಸಲ ಮುಖ ಸಿಂಡರಿಸಿ, "ಏನ್ರೀ ಅಕ್ಷರ ಇವು? ಇರಿವಿ ಹರದಾಡಿದಂಗ ಅದಾವ!" ಎಂದರು. ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡು ನಡೆದೇಬಿಟ್ಟರು. ಬೆಳಿಗ್ಗೆ ಚಲೋ ಇದ್ದ ಅಕ್ಷರಕ್ಕೆ ಸಂಜೆಯೊಳಗೆ ಇರುವೆಯ ಕಾಲು ಬಂದು ಹರಿದಾಡಿದ್ದು ಹೇಗೆಂದು ಯಾರನ್ನು ಕೇಳಲಿ?

ಅದೊಂದು ದಿನದ ಕತೆಯಾಗಿದ್ದರೆ ಮರೆಯುತ್ತಿದ್ದೆ. ಏಳು ವರ್ಷ, ಅವರು ನಮ್ಮ ಕಡೆಗೆ ತನಿಖೆಗೆ ಹೊರಟ ದಿನವೆಲ್ಲ, ಮೊದಲು ನನ್ನ ತರಗತಿ, ಕೊನೆಗೂ ನನ್ನ ತರಗತಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ಬೆಳಿಗ್ಗೆ ಹೊಗಳಿಕೆ, ಸಂಜೆ ಬೈಗುಳ. ಆಯಾ ದಿನ ಎರಡು ಸಲವೂ ಪುಸ್ತಕ ಮಾತ್ರ ಅವೇ ನಾಲ್ಕು.

ಅವರ ಇನ್ನೆರಡು ಅಭ್ಯಾಸ ಎಲ್ಲ ಶಾಲೆಗೂ ಗೊತ್ತಿತ್ತು. ಒಂದು, ಅಲುಗಾಡುವ ಕುರ್ಚಿಯಲ್ಲಿ ಅವರು ಕೂರುತ್ತಿರಲಿಲ್ಲ. ನಮ್ಮ ಶಾಲೆಗಳಲ್ಲಿ ಅಲುಗಾಡದ ಕುರ್ಚಿ ಎಲ್ಲಿಂದ ಬರಬೇಕು? ಹಾಗಾಗಿ ಮೊದಲು ಬಗ್ಗಿ, ಯಾವುದು ಗಿಡ್ಡ ಕಾಲೆಂದು ಒತ್ತಿ ನೋಡಿ, ಚೀಲದಿಂದ ಹಳೆಯ ಸುತ್ತೋಲೆ ತೆಗೆದು, ಮಡಚಿ ಮಡಚಿ ಆ ಕಾಲಿಗೆ ಕೊಡುತ್ತಿದ್ದರು. ಮೇಲಿನಿಂದ ಬಂದ ಸುತ್ತೋಲೆಗಳು ಶಾಲೆಗೆ ನಿಜವಾಗಿ ಆಧಾರವಾದದ್ದು ಹಾಗೆ ಮಾತ್ರ. ಇನ್ನೊಂದು, ಕೂತ ಮೇಲೆ ಎರಡು ನಿಮಿಷ ಮಾತಾಡುತ್ತಿರಲಿಲ್ಲ. ಆ ಮೌನದಲ್ಲಿ ಗಟ್ಟಿ ಗುಂಡಿಗೆಯ ಮಾಸ್ತರರೂ ಕೇಳದೆಯೇ ತಪ್ಪೊಪ್ಪಿಕೊಂಡುಬಿಡುತ್ತಿದ್ದರು: "ಸರ್, ಪಾಠ ಟಿಪ್ಪಣಿ ಒಂದು ವಾರದ್ದು ಬಾಕಿ ಇದೆ ಸರ್."

ಎರಡಕ್ಕೂ ಕಾರಣ ಅವರ ಹಳೆಯ ನೌಕರಿ. ಓದು ಮುಗಿಸಿದ ಹೊಸತರಲ್ಲಿ ಅವರು ಭೂಮಿಯ ಗುರುತ್ವ ಅಳೆಯುವ ತಂಡವೊಂದರಲ್ಲಿ ಮೂರು ವರ್ಷ ತಾತ್ಕಾಲಿಕ ಕೆಲಸ ಮಾಡಿದ್ದರಂತೆ. ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಜೀಪಿನಲ್ಲಿ ಕೊಂಕಣದ ದಂಡೆ, ಘಟ್ಟ, ಬಯಲುಸೀಮೆ ಎಲ್ಲ ತಿರುಗಿದ್ದರು. ಆ ಕೆಲಸ ಖಾಯಂ ಆಗಲಿಲ್ಲ, ಮಾಸ್ತರಿಕೆಗೆ ಬಂದರು, ಮೇಲ್ವಿಚಾರಕರಾದರು. ಆದರೆ ಮನಸ್ಸು ಆ ಜೀಪಿನಿಂದ ಇಳಿದೇ ಇರಲಿಲ್ಲ. ಚಹಾ ಕುಡಿಯುವಾಗ ಬೇಕೋ ಬೇಡವೋ ಅದೇ ಮಾತು.

"ನೋಡ್ರಿ ಅಕ್ಕೋರ, ಭೂಮಿ ಎಲ್ಲಾರನ್ನೂ ಒಂದ ಸಮ ಎಳಿಯೂದಿಲ್ಲ. ಕೆಳಗ ಭಾರದ ಕಲ್ಲು ಇದ್ರ ಒಂದ ಗುಲಗಂಜಿ ಹೆಚ್ಚು ಎಳೀತೈತಿ. ಈ ಮುಂಬೈ ಕೆಳಗ ಭಾರದ ಕಲ್ಲ ಐತಿ. ಅದಕ್ಕ ಇಲ್ಲಿ ಬಂದಾವ ಯಾರೂ ತಿರುಗಿ ಊರಿಗೆ ಹೋಗೂದಿಲ್ಲ."

"ಮತ್ತೆ ಬೆಟ್ಟದ ಹತ್ತಿರ ಇನ್ನೂ ಜಾಸ್ತಿ ಇರಬೇಕಲ್ಲ ಸರ್?" ಎಂದು ನಾನೊಮ್ಮೆ ಕೇಳಿದ್ದೆ.

"ಅಲ್ಲೇ ಮೋಸ ಇರೂದು! ಗುಡ್ಡ ಎಷ್ಟು ಎತ್ತರ ಇರತೈತಿ, ಅದರ ಬುಡದಾಗ ಹಗುರ ಕಲ್ಲು ಅಷ್ಟು ಆಳಕ್ಕ ಇಳದಿರತೈತಿ. ಮ್ಯಾಲೆ ನೋಡಿದ್ರ ಅಬ್ಬಾ ಅನಬೇಕು, ಮೀಟರ್ ಇಟ್ರ ಕಮ್ಮಿ ತೋರಸತೈತಿ." ಒಂದು ಗುಟುಕು ಚಹಾ ಕುಡಿದು ಸೇರಿಸಿದ್ದರು: "ನಮ್ಮ ಹೆಡ್ ಆಫೀಸಿನ ಸಾಹೇಬ್ರಂಗ."

ಮೀಟರಿನೊಳಗೆ ಒಂದು ಸ್ಪ್ರಿಂಗ್, ಅದಕ್ಕೆ ತೂಗುವ ಒಂದು ಸಣ್ಣ ತೂಕ. ಕೆಳಗೆ ಎಳೆತ ಹೆಚ್ಚಾದರೆ ಕೂದಲೆಳೆಯಷ್ಟು ಜಗ್ಗುತ್ತದೆ. ಇಟ್ಟ ಜಾಗ ಸಮತಟ್ಟಾಗಿರಬೇಕು, ಇಟ್ಟ ಮೇಲೆ ಅದರ ನಡುಕ ನಿಲ್ಲುವ ತನಕ ಕಾಯಬೇಕು. ಕುರ್ಚಿಯ ಕಾಗದ, ಎರಡು ನಿಮಿಷದ ಮೌನ, ಎಲ್ಲ ಅಲ್ಲಿಂದ ಬಂದದ್ದು. ಅಷ್ಟನ್ನು ಅವರು ಹೇಳಿದರು. ದಿನಕ್ಕೆರಡು ಸಲ ಬರುವುದು ಎಲ್ಲಿಂದ ಬಂತೆಂದು ಮಾತ್ರ ಹೇಳಲಿಲ್ಲ.

ಹೇಳದಿದ್ದರೆ ಜನ ಬಿಡುತ್ತಾರೆಯೇ? ನಮ್ಮ ಗುಂಪಿನಲ್ಲಿ ಅವರ ಸಂಚಾರಕ್ಕೆ ಗುಟ್ಟಿನ ಭಾಷೆಯೊಂದಿತ್ತು. ಒಂದು ಶಾಲೆಯಿಂದ ಅವರು ಹೊರಟರೆ "ಮೋಡ ಅತ್ತ ಬಂತು". ಒಳಗೆ ಬಂದರೆ "ಮಳೆ". ಹೋದರೆ "ಬಿಸಿಲು". ಎಲ್ಲರ ಶಾಲೆಯಲ್ಲೂ ಬಿಸಿಲು ಬಂದರೆ ಬಂತು, ನನ್ನದೊಂದರಲ್ಲಿ ಮಾತ್ರ ಎರಡು ಮಳೆ. ಕೆಲವರು, "ನಿನ್ನ ಮೇಲೆ ಸಾಹೇಬರಿಗೆ ತುಂಬಾ ಪ್ರೀತಿ" ಎಂದು ಚುಚ್ಚಿದರು. ನಮ್ಮ ಹೆಡ್ ಟೀಚರ್, ಉಡುಪಿಯವರು, ಮೂವತ್ತು ವರ್ಷ ಮುಂಬೈಯಲ್ಲಿದ್ದರೂ ಮಾತಿನಲ್ಲಿ ಊರು ಬಿಟ್ಟವರಲ್ಲ. ಅವರು ಬಾಗಿಲು ಮುಚ್ಚಿ ಹೇಳಿದ್ದೇ ಬೇರೆ.

"ಪ್ರೀತಿಯೂ ಇಲ್ಲ, ಎಂತದೂ ಇಲ್ಲ ಮಾರಾಯ್ತಿ. ನೀನು ಅವರನ್ನು ಫ್ಯಾನ್ ರಿಪೇರಿಯವ ಅಂತ ಹಿಂದೆ ಕೂರಿಸಿದ್ದು ಅವರ ಹೊಟ್ಟೆಯಲ್ಲಿ ಉಂಟು. ಮಕ್ಕಳು ಕಮ್ಮಿ ಆಗ್ತಾ ಬಂದ್ರು. ಬರುವ ವರ್ಷ ನಮ್ಮಲ್ಲಿ ಒಬ್ಬರು ಸರ್‌ಪ್ಲಸ್. ಯಾರ ಹೆಸರು ಅಂತ ಅವರು ಈಗಲೇ ಬರೆದು ಇಡ್ತಿದ್ದಾರೆ, ನೋಡು."

ಸರ್‌ಪ್ಲಸ್ ಎಂದರೆ ಹೆಚ್ಚುವರಿ. ಹೆಚ್ಚಾದ ಟೀಚರನ್ನು ಎಲ್ಲಿ ಖಾಲಿಯಿದೆಯೋ ಅಲ್ಲಿಗೆ ಎತ್ತಿ ಹಾಕುತ್ತಾರೆ. ಮುಲುಂಡಿನವಳನ್ನು ಧಾರಾವಿಗೂ ಹಾಕಬಹುದು, ನಗರದ ಆಚೆ ತುದಿಯ ಸಮುದ್ರದ ದಂಡೆಗೂ ಹಾಕಬಹುದು. ಅತ್ತೆ ಹಾಸಿಗೆ ಹಿಡಿದಿದ್ದ ಕಾಲ ಅದು. ಮಧ್ಯಾಹ್ನ ಬಿಡುವಿನಲ್ಲಿ ಫೋನ್ ಬಂದರೆ ಅರ್ಧ ಗಂಟೆಯಲ್ಲಿ ಮನೆ ಸೇರುವಂತಿರಬೇಕಿತ್ತು. ಆ ಪುಟ್ಟ ಪುಸ್ತಕ ಅವರ ಜೇಬಿನಿಂದ ಹೊರಬಂದಾಗಲೆಲ್ಲ ಮುಲುಂಡಿನಿಂದ ಧಾರಾವಿಗೆ ಎಷ್ಟು ಸ್ಟೇಷನ್ ಎಂದು ನಾನು ಎಣಿಸುತ್ತಿದ್ದೆ.

ಅಂಥದ್ದರಲ್ಲಿ ಬಂತು ಆ ಫಾರ್ಮು. ಮೇಲಿನ ಯಾರಿಗೋ ಜ್ಞಾನೋದಯವಾಗಿ, ಶಿಕ್ಷಕರಿಗೆ ಮೇಲ್ವಿಚಾರಣೆಯಿಂದ ಎಷ್ಟು ತೃಪ್ತಿಯಾಗಿದೆ ಎಂದು ಅಳೆಯಬೇಕೆಂದು ಹೊರಟಿದ್ದರು. ತುಂಬಾ ತೃಪ್ತಿ, ತೃಪ್ತಿ, ಸಾಧಾರಣ, ಅತೃಪ್ತಿ, ತುಂಬಾ ಅತೃಪ್ತಿ ಎಂದು ಐದು ಚೌಕ. ಹೆಸರು ಬರೆಯಬಾರದು, ನಿರ್ಭಯವಾಗಿ ತುಂಬಬೇಕು. ಆ ಫಾರ್ಮನ್ನು ಹಂಚಿ, ತುಂಬಿಸಿ, ಸಂಗ್ರಹಿಸಿಕೊಂಡು ಹೋಗುವವರು ಯಾರು? ಸ್ವತಃ ಮೇಲ್ವಿಚಾರಕರು! ಕೋಳಿಗೆ ಮಸಾಲೆ ಹೇಗಿದೆ ಎಂದು ಕೇಳಿದ ಹಾಗೆ.

ಆ ದಿನವೂ ಸಾಹೇಬರು ಬೆಳಿಗ್ಗೆ ಬಂದು ಹೊಗಳಿದ್ದರು, ಸಂಜೆ ಬಂದು ಬೈದಿದ್ದರು. ಬೈದ ಬಾಯಿಯಲ್ಲೇ, "ಇದೊಂದು ತುಂಬಿ ಕೊಡ್ರಿ" ಎಂದು ಫಾರ್ಮ್ ಇಟ್ಟು ಕಿಟಕಿಯತ್ತ ತಿರುಗಿ ನಿಂತರು. ನನಗೆ ಸಿಟ್ಟು ನೆತ್ತಿಗೇರಿತು. ಆಗಿದ್ದಾಗಲಿ ಎಂದು "ಅತೃಪ್ತಿ"ಗೆ ಗುರುತು ಹಾಕಿ, ಕೆಳಗಿನ ಖಾಲಿ ಜಾಗದಲ್ಲಿ ಬರೆದೆ: "ದಿನಕ್ಕೆ ಎರಡು ಸಲ ಬರುತ್ತಾರೆ. ಬೆಳಿಗ್ಗೆ ಮೆಚ್ಚಿದ ಪುಸ್ತಕವನ್ನೇ ಸಂಜೆ ಬೈಯುತ್ತಾರೆ. ಕಾರಣ ಹೇಳುವುದಿಲ್ಲ." ಮಡಚಿ ಲಕೋಟೆಗೆ ಹಾಕಿದೆ. ಹೆಸರು ಬರೆಯಲಿಲ್ಲ. ದಿನಕ್ಕೆ ಎರಡು ಸಲ ಅವರು ಹೋಗುವ ತರಗತಿ ಇಡೀ ಮುಂಬೈಯಲ್ಲಿ ಒಂದೇ ಎನ್ನುವುದು ಲೋಕಲ್ ಹತ್ತಿದ ಮೇಲೆ ನೆನಪಾಯಿತು!

ಒಂದು ತಿಂಗಳಲ್ಲಿ ಮೇಲಿನಿಂದ ಸಾಹೇಬರಿಗೆ ನೋಟಿಸ್ ಬಂತು. ಎಲ್ಲ ಶಿಕ್ಷಕರೂ ತುಂಬಾ ತೃಪ್ತರು, ಒಬ್ಬರು ಮಾತ್ರ ಅತೃಪ್ತರು. ಆ ಒಬ್ಬರು ಯಾರು, ಅವರ ದೂರು ನಿಜವೇ, ವಿವರಣೆ ಕೊಡಿ. ಹೆಡ್ ಟೀಚರ್ ಸ್ಟಾಫ್ ರೂಮಿನಲ್ಲಿ ತಲೆ ಮೇಲೆ ಕೈ ಹೊತ್ತು ಕೂತರು. "ಯಾರು ಮಾರಾಯ್ರೆ ಈ ಉಪದ್ರ ಮಾಡಿದ್ದು? ಒಂದೆರಡು ಚೌಕ ಮೇಲೆ ಗುರುತು ಹಾಕಿದ್ರೆ ಕೈ ಸವೆದು ಹೋಗ್ತಿತ್ತಾ?" ನಾನು ಡಬ್ಬಿಯ ಚಪಾತಿಯನ್ನು ಬಹಳ ಶ್ರದ್ಧೆಯಿಂದ ನೋಡುತ್ತಿದ್ದೆ.

ಸಾಹೇಬರು ಕೊಟ್ಟ ವಿವರಣೆ ಆಮೇಲೆ ಅವರ ಆಫೀಸಿನ ಗುಮಾಸ್ತರ ಬಾಯಿಂದ ಹೊರಬಂತು. ಎರಡೇ ಸಾಲು. "ದೂರು ನಿಜ. ಯಾರೆಂದು ಹುಡುಕುವ ಅಗತ್ಯ ಕಾಣುವುದಿಲ್ಲ." ಆ ವರ್ಷ ಅವರಿಗೆ ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋಯಿತು. ಎಲ್ಲರಿಂದಲೂ ತುಂಬಾ ತೃಪ್ತಿ ಪಡೆದವರೊಬ್ಬರಿಗೆ.

ಸರ್‌ಪ್ಲಸ್ ಪಟ್ಟಿಯೂ ಬಂತು. ನನ್ನ ಹೆಸರಿರಲಿಲ್ಲ. ಸಾಹೇಬರ ದೊಡ್ಡ ಗುಣವೆಂದು ನಾನು ಕರಗಿ ನೀರಾಗುವಷ್ಟರಲ್ಲಿ ಅದೇ ಗುಮಾಸ್ತರು ನಕ್ಕರು. "ಏನ್ ಟೀಚರ್, ಅದು ಸೀನಿಯಾರಿಟಿ ಪ್ರಕಾರ ಕಂಪ್ಯೂಟರ್ ತೆಗೆಯೋದು. ಸಾಹೇಬರ ಕೈಯಲ್ಲಿ ಏನೂ ಇಲ್ಲ, ಯಾವತ್ತೂ ಇರಲಿಲ್ಲ." ಕೇಳಿ ಪೆಚ್ಚಾದೆ. ಇಷ್ಟು ವರ್ಷ ಇಷ್ಟು ಜನ ಮಾತ್ರೆ ನುಂಗಿ, ಚಹಾ ಕೊಟ್ಟು, "ತುಂಬಾ ತೃಪ್ತಿ" ಬರೆದು ಓಲೈಸಿದ್ದು, ಯಾರನ್ನೂ ಒಂದು ಕುರ್ಚಿಯಿಂದ ಇನ್ನೊಂದು ಕುರ್ಚಿಗೆ ಕೂರಿಸುವ ಅಧಿಕಾರವೂ ಇಲ್ಲದ ಮನುಷ್ಯನನ್ನು. ಆ ಕುರ್ಚಿಯ ಕಾಲಿಗೆ ಕಾಗದ ಕೊಡುವುದಷ್ಟೇ ಅವರ ಕೈಯಲ್ಲಿದ್ದದ್ದು.

ಮೂರು ವರ್ಷದ ಹಿಂದೆ ಅವರು ನಿವೃತ್ತರಾದರು. ಕೊನೆಯ ದಿನವೂ ಬೆಳಿಗ್ಗೆ ಬಂದು ನಾಲ್ಕು ಪುಸ್ತಕ ನೋಡಿ, "ಚಲೋ ಐತಿ" ಎಂದು ಹೋದರು. ಮಧ್ಯಾಹ್ನ ನಮ್ಮಲ್ಲೇ ಬೀಳ್ಕೊಡುಗೆ. ಶಾಲು, ತೆಂಗಿನಕಾಯಿ, ಹೋಟೆಲಿನ ಇಡ್ಲಿ ವಡೆ, ಒಂದೂವರೆ ಗಂಟೆ ಭಾಷಣ. ಎಲ್ಲರ ಭಾಷಣವೂ ಒಂದೇ, ಹೂಮಾಲೆ ಮಾತ್ರ ಬೇರೆ ಬೇರೆ. ನಾಲ್ಕೂವರೆಗೆ, ಶಾಲು ಚೀಲದಲ್ಲಿ ತುರುಕಿಕೊಂಡು, ಮೂರನೇ ಮಹಡಿ ಹತ್ತಿ ಏದುಸಿರು ಬಿಡುತ್ತಾ ಬಂದೇ ಬಂದರು. ಮಕ್ಕಳು ಹೋಗಿಯಾಗಿತ್ತು. ಕುರ್ಚಿ ಒತ್ತಿ ನೋಡಿದರು. ಕಸ ಗುಡಿಸುವವಳು ಹಳೆಯ ಕಾಗದ ಎಸೆದಿದ್ದಳು, ಕುರ್ಚಿ ಅಲುಗಾಡಿತು. ಅವರು ನಿಂತೇ ಮಾತಾಡಿದರು.

"ಅಕ್ಕೋರ, ಗ್ರಾವಿಟಿ ಮೀಟರ್ ಬಾಳ ನಾಜೂಕು. ಬಿಸಿಲಿಗೆ, ಜೀಪಿನ ಕುಲುಕಾಟಕ್ಕ ಅದರ ಸ್ಪ್ರಿಂಗ್ ತಂತಾನ ಸಡ್ಲ ಆಗತೈತಿ. ಹಂಗಾಗಿ ಮುಂಜಾನೆ ಒಂದು ಗಟ್ಟಿ ಜಾಗಾದಾಗ ರೀಡಿಂಗ್ ತಗೊಂಡು ಹೊರಡಬೇಕು, ಸಂಜೀಕ ತಿರುಗಿ ಅಲ್ಲೇ ಬಂದು ತಗೋಬೇಕು. ಅದಕ್ಕ ಬೇಸ್ ಅಂತಾರ. ಎರಡರಾಗ ಫರಕ್ ಬಂತಂದ್ರ, ಭೂಮಿ ಬದಲಾಗಿಲ್ರಿ, ಮೀಟರ್ ಬದಲಾಗೈತಿ. ಆ ಫರಕ್ ಹಿಡದು ಇಡೀ ದಿನದ ರೀಡಿಂಗ್ ತಿದ್ದಬೇಕು."

ನನಗೆ ಅರ್ಥವಾಗತೊಡಗಿತ್ತು. "ಅಂದ್ರೆ ಸರ್, ನನ್ನ ತರಗತಿ..."

"ಹೂನ್ರಿ. ಪುಸ್ತಕ ಅವ, ಅಕ್ಷರ ಅವ. ಮುಂಜಾನೆ ಚಲೋ ಕಂಡದ್ದು ಸಂಜೀಕ ಕೆಟ್ಟದ್ದು ಕಂಡ್ರ, ಕೆಟ್ಟಾವ ನಾನು. ಬಸ್ಸು, ಬಿಸಿಲು, ಹಸಿವು. ಎಷ್ಟು ಕೆಟ್ಟೀನಿ ಅಂತ ಬರಕೊಂಡು, ಸ್ಟೇಷನ್ನಿನಾಗ ಕೂತು ಮಧ್ಯಾಹ್ನದ ಶಾಲೆಗಳ ಷರಾ ತಿದ್ದತಿದ್ದೆ. ಅವರ ತಪ್ಪೇನ್ರಿ, ನನ್ನ ಸಿಟ್ಟಿಗೆ?"

"ಇದನ್ನ ಏಳು ವರ್ಷದ ಹಿಂದೆಯೇ ಹೇಳಬಾರದಿತ್ತಾ ಸರ್?" ನನ್ನ ಧ್ವನಿ ಸ್ವಲ್ಪ ಏರಿತ್ತು.

"ಹೇಳಿದ್ರ ನೀವು ಆ ನಾಲ್ಕು ಪುಸ್ತಕ ತಿದ್ದಿ ತೀಡಿ ಇಡತಿದ್ರಿ. ಬೇಸ್ ಕೆಡತಿತ್ತು. ಎಲ್ಲಾ ಶಾಲ್ಯಾಗೂ ನನ್ನ ಕಂಡಕೂಡ್ಲೆ ಮಂದಿ ನಡಗತಿದ್ರು. ನೀವೊಬ್ರ ಮೊದಲನೇ ದಿನ ನನ್ನ ನೋಡಿ ಹೆದರಲಿಲ್ಲ. ಹಿಂದ ಕುಂದ್ರು ಅಂದ್ರಿ. ಇದು ಗಟ್ಟಿ ಕಲ್ಲು ಅಂತ ಅವತ್ತ ತಿಳಕೊಂಡೆ."

ಹೆದರದೆ ಇದ್ದದ್ದು ಧೈರ್ಯದಿಂದಲ್ಲ, ಅವರನ್ನು ಫ್ಯಾನ್ ರಿಪೇರಿಯವರೆಂದುಕೊಂಡದ್ದರಿಂದ ಎಂದು ಹೇಳಬೇಕಿತ್ತು. ಅಷ್ಟರಲ್ಲಿ ಅವರು ಚೀಲಕ್ಕೆ ಕೈ ಹಾಕಿ ಒಂದು ಹಳದಿಗಟ್ಟಿದ ಖಾಲಿ ಫಾರ್ಮ್ ತೆಗೆದರು. ಅದೇ ಐದು ಚೌಕದ್ದು.

"ಅವತ್ತ ಎಲ್ಲಾರೂ ತುಂಬಾ ತೃಪ್ತಿ ಅಂತ ಬರದ್ರು. ಎಲ್ಲಾ ಕಡೆ ಒಂದ ನಂಬರ್ ಬಂತಂದ್ರ ಮುಳ್ಳು ಸಿಕ್ಕೊಂಡೈತಿ ಅಂತ ಅರ್ಥ. ನಿಮ್ಮದೊಂದ ರೀಡಿಂಗ್ ಖರೇ ಇತ್ತು. ನೋಟಿಸ್ ಬಂದ ದಿನ ನನಗ ಎಷ್ಟು ಖುಷಿ ಆತು ಅಂದ್ರ ಮನ್ಯಾಗ ಹೋಳಿಗೆ ಮಾಡಸಿದ್ದೆ. ಇವತ್ತ ನೌಕರಿ ಮುಗೀತು. ಸಂಜೀ ರೀಡಿಂಗ್ ಒಂದು ಕೊಟ್ಟುಬಿಡ್ರಿ ಅಕ್ಕೋರ."

ನಾನು ಪೆನ್ನು ಹಿಡಿದು ಕೂತೆ. ನಿಜ ಏನಿತ್ತು? ಕಾರಣ ತಿಳಿದರೂ ಏಳು ವರ್ಷ ನಾನು ಪಟ್ಟ ಸಂಕಟ ಸುಳ್ಳಾಗಿರಲಿಲ್ಲ. ಒಳ್ಳೆಯ ಮನುಷ್ಯ, ನ್ಯಾಯವಂತ, ಆದರೆ ಎದುರಿಗಿರುವವರಿಗೆ ಒಂದು ಮಾತು ಹೇಳಬೇಕೆಂದು ತಿಳಿಯದವರು. ಅತೃಪ್ತಿಯೇ. ಹೆಚ್ಚೆಂದರೆ ಸಾಧಾರಣ. ಆದರೆ ತಲೆಯೆತ್ತಿ ನೋಡಿದೆ. ಬಾಡಿದ ಮಾಲೆಯ ಒಂದು ಎಸಳು ಅಂಗಿಯ ಕಾಲರಿಗೆ ಅಂಟಿತ್ತು. ಬಡ್ತಿ ನನ್ನಿಂದಲೇ ತಪ್ಪಿದ್ದು. ಮನೆಗೆ ಹೋಗುವ ದಿನ ಆ ಕೈಗೆ ಮತ್ತೆ ಅದನ್ನೇ ಹೇಗೆ ಕೊಡಲಿ? "ತುಂಬಾ ತೃಪ್ತಿ"ಯ ಮೇಲೆ ಗುರುತು ಹಾಕಿ, ನಗುತ್ತಾ ಕೊಟ್ಟೆ.

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಬಹಳ ಮೆಲ್ಲಗೆ, "ನೀವೂ ಎಲ್ಲಾರಂಗ ಆದ್ರೇನ್ರೀ ಅಕ್ಕೋರ?" ಎಂದರು.

ಅವರು ಫಾರ್ಮನ್ನು ಎರಡಾಗಿ, ನಾಲ್ಕಾಗಿ, ಎಂಟಾಗಿ ಮಡಚಿದರು. ಬಗ್ಗಿ, ನನ್ನ ಕುರ್ಚಿಯ ಗಿಡ್ಡ ಕಾಲಿನ ಕೆಳಗೆ ತುರುಕಿ, ಕೈಯಿಂದ ಒತ್ತಿ ನೋಡಿದರು. ಅಲುಗಾಡಲಿಲ್ಲ. "ಕುರ್ಚಿಗಾದ್ರೂ ಉಪಯೋಗ ಆಗ್ಲಿ" ಎಂದು ಚೀಲ ಹೆಗಲಿಗೇರಿಸಿ ಇಳಿದುಹೋದರು. ಮತ್ತೆ ಅವರನ್ನು ನಾನು ನೋಡಲಿಲ್ಲ. ಫೋನ್ ನಂಬರ್ ಇತ್ತು. ಮಾಡಿ ಏನೆನ್ನಬೇಕೆಂದು ತಿಳಿಯದೆ ಮೂರು ವರ್ಷ ಕಳೆದೆ.

ಆ ಕಾಗದವನ್ನು ಮಾತ್ರ ಕಾಪಾಡಿದ್ದೇನೆ. ಕಸ ಗುಡಿಸುವವಳು ಕುರ್ಚಿ ಸರಿಸಿದಾಗಲೆಲ್ಲ ನಾನೇ ಬಗ್ಗಿ ಮತ್ತೆ ಇಟ್ಟಿದ್ದೇನೆ. ಸೋಮವಾರ ಶಾಲೆಗೆ ಹೋದವಳೇ ಅದನ್ನು ಎಳೆದು ತೆಗೆದೆ. ಮಡಿಕೆಗಳಲ್ಲಿ ಕಪ್ಪಾಗಿ ಹರಿದಿತ್ತು, ಚೌಕಗಳು ಕಾಣುತ್ತಿದ್ದವು. ಹಳೆಯ ಗುರುತನ್ನು ಹೊಡೆದು ಹಾಕಿ "ಅತೃಪ್ತಿ"ಗೆ ಗುರುತು ಮಾಡಿದೆ. ಕೆಳಗಿನ ಖಾಲಿ ಜಾಗದಲ್ಲಿ ಬರೆದೆ: "ಮೊದಲ ದಿನ ನಿಮ್ಮನ್ನು ಫ್ಯಾನ್ ರಿಪೇರಿಯವರೆಂದು ತಿಳಿದಿದ್ದೆ. ನಾನು ಗಟ್ಟಿ ಕಲ್ಲಲ್ಲ. ದಿನಕ್ಕೆ ಎರಡು ಸಲ ಬರುತ್ತಿದ್ದಿರಿ, ಕಾರಣ ಹೇಳುತ್ತಿರಲಿಲ್ಲ. ಈಗ ಒಂದು ಸಲವೂ ಬರುವುದಿಲ್ಲ."

ಮತ್ತೆ ಎಂಟಾಗಿ ಮಡಚಿ ಕುರ್ಚಿಯ ಕಾಲಿಗೆ ಕೊಟ್ಟು, ಒತ್ತಿ ನೋಡಿ, ಕೂತೆ. ಎರಡು ನಿಮಿಷ ನಾನು ಮಾತಾಡದಿದ್ದದ್ದು ಕಂಡು ಮುಂದಿನ ಬೆಂಚಿನ ಹುಡುಗಿ ತಾನಾಗಿಯೇ ಎದ್ದು ನಿಂತು, "ಟೀಚರ್, ಮೈನೇ ಹೋಮ್‌ವರ್ಕ್ ಮಾಡಿಲ್ರಿ" ಎಂದಳು.